ಪ್ರತಿಕ್ರಿಯೆ: ಹೊಸ ಮೇಮ್‌ನಲ್ಲಿ ಹಳೆಯ ಆಟ ಏಕೆ ತೆರೆಯುತ್ತಿಲ್ಲ?

ಹಳೆಯ ಆರ್ಕೇಡ್ ಯಂತ್ರಗಳ ಆಟಗಳನ್ನು ಕಂಪ್ಯೂಟರಿನಲ್ಲಿ ನಡೆಸುವ ತಂತ್ರಾಂಶ ಮೇಮ್ (MAME). ಅದರ ಬಹಳ ಹಳೆಯ ಆವೃತ್ತಿಯಲ್ಲಿ ಸರಾಗವಾಗಿ ನಡೆಯುತ್ತಿದ್ದ ಬಬಲ್ ಬಾಬಲ್ ಆಟ, ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಫೈಲ್ ಸಿಗುತ್ತಿಲ್ಲ ಎನ್ನುತ್ತಿದೆ, ಇದು ಅಭಿವೃದ್ಧಿಯೋ ಹಿನ್ನಡೆಯೋ ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೂ ಇದು ಅಭಿವೃದ್ಧಿಯೇ.

ಆ ಆಟದ ಮೂಲ ಯಂತ್ರದ ಬೋರ್ಡಿನಲ್ಲಿ ನಕಲು ತಡೆಯಲೆಂದು ಒಂದು ಪುಟ್ಟ ಮೈಕ್ರೋಕಂಟ್ರೋಲರ್, ಅಂದರೆ ತನ್ನೊಳಗೇ ಕೋಡ್ ಇಟ್ಟುಕೊಂಡ ಚಿಪ್, ಇತ್ತು. ಅದರೊಳಗಿನ ಕೋಡ್ ಕೈಗೆ ಸಿಗದಿದ್ದಾಗ, ಅದು ಹೇಗೆ ವರ್ತಿಸಬಹುದೆಂದು ಊಹಿಸಿ ಮೇಮ್‌ನವರು ಕೆಲಸ ಸಾಗಿಸಿದ್ದರು. ಮುಂದೆ ಚಿಪ್ಪಿನ ಹೊದಿಕೆಯನ್ನೇ ಕಳಚಿ (ಎಂಥ ತಾಳ್ಮೆ!) ಅಸಲಿ ಕೋಡನ್ನು ಓದಿದರು. ಊಹೆ ಹೋಯಿತು, ಬದಲಿಗೆ ಆ ಕೋಡಿನ ಒಂದು ಫೈಲ್ ಹೆಚ್ಚಾಯಿತು. ಆಟದ ಫೈಲ್‌ಗಳಿರುವ ನಿಮ್ಮ ಹಳೆಯ ಜಿಪ್‌ನಲ್ಲಿ ಅದು ಇರಲಿಕ್ಕಿಲ್ಲ.

1997ರಲ್ಲಿ ನಿಕೋಲಾ ಸಲ್ಮೋರಿಯಾ ಆರಂಭಿಸಿದ ಮೇಮ್, 2015ರಲ್ಲಿ ಹಳೆಯ ಕಂಪ್ಯೂಟರು, ಗೇಮ್ ಕನ್ಸೋಲ್‌ಗಳನ್ನು ಅನುಕರಿಸುವ ಮೆಸ್ (MESS) ಯೋಜನೆಯನ್ನೂ ಒಳಗೆ ಸೇರಿಸಿಕೊಂಡಿತು. 2016ರಲ್ಲಿ ಪೂರ್ತಿ ಮುಕ್ತ ತಂತ್ರಾಂಶವಾಯಿತು. ಯಂತ್ರಾಂಶವನ್ನು ಇದ್ದದ್ದು ಇದ್ದಂತೆ ದಾಖಲಿಸುವುದೇ ಅದರ ಗುರಿ, ಆಡಲು ಸಿಗುವುದು ನಮಗೆ ಕೊಸರು. ಹಾಗಾಗಿ ನಿಖರತೆ ಹೆಚ್ಚಿದಂತೆ ಹಳೆಯ ಕಂಪ್ಯೂಟರುಗಳು ಏದುಸಿರು ಬಿಡುವುದೂ ಉಂಟು.

ಮೊದಲು ಕಮಾಂಡ್ ಸಾಲಿನಲ್ಲಿ ಮೇಮ್‌ಗೆ ವೆರಿಫೈರಾಮ್ಸ್ (-verifyroms) ಆಯ್ಕೆಯ ಜೊತೆ ಆಟದ ಕಿರುಹೆಸರು (ಮೇಮ್ ಅದನ್ನು ಗುರುತಿಸುವ ಹೆಸರು) ಕೊಟ್ಟು ನೋಡಿ. ಯಾವ ಫೈಲ್ ಇಲ್ಲ, ಯಾವುದು ತಾಳೆಯಾಗುತ್ತಿಲ್ಲ ಎಂಬುದನ್ನು ಅದೇ ಹೇಳುತ್ತದೆ. ಆ ಸಾಲುಗಳನ್ನು ಇಲ್ಲಿ ಹಾಕಿದರೆ ಮುಂದಿನದನ್ನು ನೋಡೋಣ.