ತೋಟದ ಸರ್ಟಿಫಿಕೇಟಿಗೆ ದುಡ್ಡು ಯಾರು ಕೊಡಬೇಕು?

ಓದುಗರ ಪತ್ರ: ಸಂಪಾದಕರೇ, ಸಣ್ಣ ಬೆಳೆಗಾರರು ಆಹಾರ ಸುರಕ್ಷತೆಯ ಆಡಿಟ್, ಅಂದರೆ ತೋಟದ ತಪಾಸಣೆ ಮಾಡಿಸಿ ಸರ್ಟಿಫಿಕೇಟ್ ಪಡೆಯಲು ಸರ್ಕಾರಗಳು ಸಹಾಯಧನ ಕೊಡಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನೊಂದು ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ. ಲೈಸೆನ್ಸು, ತಪಾಸಣೆ ಎಲ್ಲದಕ್ಕೂ ನಾನೇ ದುಡ್ಡು ಕಟ್ಟುತ್ತೇನೆ. ಬೆಳೆಗಾರನಿಗೆ ಮಾತ್ರ ಯಾಕೆ ಈ ಉಪಚಾರ? ಅಲ್ಲದೆ ಆ ಸರ್ಟಿಫಿಕೇಟಿಗೆ ಏನು ಬೆಲೆ? ಅಮೆರಿಕದಲ್ಲಿ ಆಡಿಟ್‌ನಲ್ಲಿ ಒಳ್ಳೆಯ ಅಂಕ ಪಡೆದ ತೋಟದ ಹಣ್ಣು ತಿಂದೇ ಜನ ಸತ್ತರಲ್ಲ?

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಿಟ್ಟಿನಲ್ಲಿ ಬರೆದಿದ್ದೀರಿ, ಆದರೆ ವಿಚಾರ ಮಾಡಿ ಬರೆದಿದ್ದೀರಿ. ಅಂಥ ಪತ್ರಕ್ಕೆ ನಾಲ್ಕು ಸಾಲಿನ ಉತ್ತರ ಸಾಲದು.

ನೀವು ಹೇಳಿದ್ದರಲ್ಲಿ ನ್ಯಾಯ ಇದೆ. ಜನರ ತೆರಿಗೆ ದುಡ್ಡನ್ನು ಕೇಳಿದವರಿಗೆಲ್ಲ ಹಂಚುವಂತಿಲ್ಲ. ಸರ್ಟಿಫಿಕೇಟಿನಿಂದ ಒಳ್ಳೆ ಮಾರುಕಟ್ಟೆ ಸಿಗುವುದಾದರೆ ಬೆಳೆಗಾರನೂ ಒಂದಿಷ್ಟು ಕೈಯಿಂದ ಹಾಕಬೇಕು. ಒಪ್ಪಿದೆ.

ಆದರೆ ನಿಮ್ಮ ವರ್ಕ್‌ಶಾಪಿಗೂ ತೋಟಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನೀವು ಬಿಲ್ಲು ಬರೆಯುವಾಗ ಲೈಸೆನ್ಸಿನ ಖರ್ಚು ಅದರೊಳಗೇ ಸೇರಿರುತ್ತದೆ. ರೇಟು ಹೇಳುವವರು ನೀವು. ತೋಟದವನ ಹಣ್ಣು ತರಕಾರಿಗೆ ರೇಟು ಹೇಳುವವರು ಅದನ್ನು ಕೊಳ್ಳುವವರು. ಸರ್ಟಿಫಿಕೇಟ್ ಬೇಕು ಅನ್ನುವವರೂ ಅವರೇ, ಅದಕ್ಕೆಂದು ಒಂದು ಕಾಸು ಜಾಸ್ತಿ ಕೊಡುವುದಿಲ್ಲ ಅನ್ನುವವರೂ ಅವರೇ. ಈ ಖರ್ಚನ್ನು ಅವನು ಯಾರ ಮೇಲೆ ಹಾಕಬೇಕು, ನೀವೇ ಹೇಳಿ.

ಇನ್ನೊಂದು ಲೆಕ್ಕ ನೋಡಿ. ಆಡಿಟರ್ ಬಂದು ಹೋಗುವ ದಿನದ ಫೀಸು, ಪ್ರಯಾಣದ ಖರ್ಚು, ನೀರಿನ ಲ್ಯಾಬ್ ಪರೀಕ್ಷೆ, ಇವೆಲ್ಲ ತೋಟ ಸಣ್ಣದೆಂದು ಅಷ್ಟೇನೂ ಇಳಿಯುವುದಿಲ್ಲ. ಅದೇ ಖರ್ಚನ್ನು 100 ಎಕರೆಯವನು 100 ಎಕರೆಗೆ ಹಂಚಿಕೊಳ್ಳುತ್ತಾನೆ. 2 ಎಕರೆಯವನಿಗೆ ಎಕರೆಗೆ ಬೀಳುವ ಹೊರೆ ಅದರ 50 ಪಟ್ಟು. ತೋಟ ದೂರದಲ್ಲಿದ್ದರೆ ಆಡಿಟರ್ ಬರುವ ಖರ್ಚು ಇನ್ನೂ ಜಾಸ್ತಿ. ಸರ್ಟಿಫಿಕೇಟಿನ ಆಯುಷ್ಯ ಸಾಮಾನ್ಯವಾಗಿ ಒಂದೇ ವರ್ಷ. ಮುಂದಿನ ವರ್ಷ ಮತ್ತೆ ಮೊದಲಿನಿಂದ.

ಒಮ್ಮೆ ಒಂದು ಸಣ್ಣ ತೋಟದಲ್ಲಿ ಆಡಿಟ್ ನಡೆದ ದಿನ ಬೆಳಗ್ಗಿಂದ ಸಂಜೆವರೆಗೆ ನಾನು ಅಲ್ಲೇ ಇದ್ದೆ. ಗಂಡ ಹೆಂಡತಿ ಇಬ್ಬರೇ ನಡೆಸುವ ತೋಟ. ಮನೆಯಾಕೆ ಮಕ್ಕಳ ಹಳೇ ನೋಟ್‌ಬುಕ್ಕಿಗೆ ಗೆರೆ ಹಾಕಿಕೊಂಡು ಎಲ್ಲ ಬರೆದಿಟ್ಟಿದ್ದರು. ಯಾವತ್ತು ಔಷಧಿ ಹೊಡೆದದ್ದು, ಎಷ್ಟು ದಿನ ಬಿಟ್ಟು ಕೊಯ್ದದ್ದು, ಯಾವ ಕ್ರೇಟು ಯಾವತ್ತು ತೊಳೆದದ್ದು. ಅಕ್ಷರ ಮುತ್ತಿನ ಹಾಗಿತ್ತು. ಆಡಿಟರ್ ಒಳ್ಳೆಯವರೇ, ತಾಳ್ಮೆಯಿಂದ ಒಂದೊಂದೇ ಹಾಳೆ ತಿರುವಿದರು. ಆಮೇಲೆ ಪ್ಯಾಕಿಂಗ್ ಶೆಡ್ಡಿಗೆ ಬಂದು ತಲೆ ಎತ್ತಿ ನೋಡಿದರು. ಹಣ್ಣು ಆರಿಸುವ ಮೇಜಿನ ಮೇಲೆ ಒಂದು ಗಾಜಿನ ಬಲ್ಬ್ ಬರೀ ವೈರಿನಲ್ಲಿ ನೇತಾಡುತ್ತಿತ್ತು. ಒಡೆದರೆ ಚೂರು ಕ್ರೇಟಿಗೆ ಬೀಳುತ್ತದೆ. ಅದೊಂದು ತಪ್ಪು. ಕೈ ತೊಳೆಯುವ ಕಡೆ ಬಕೆಟ್ಟು, ಚೊಂಬು ಇತ್ತು. ಹರಿಯುವ ನೀರು ಇರಲಿಲ್ಲ. ಅದು ಇನ್ನೂ ದೊಡ್ಡ ತಪ್ಪು.

ಆಕೆ ಕೇಳಿದರು, "ಸರ್, ಹಾಗಾದ್ರೆ ಇದನ್ನ ಹೇಗೆ ಸರಿ ಮಾಡಿಸ್ಬೇಕು? ನಲ್ಲಿ ಎಲ್ಲಿ ಹಾಕಿಸ್ಲಿ?"

ಆಡಿಟರ್ ಪೆನ್ನು ಕೆಳಗಿಟ್ಟು, "ಅದನ್ನ ನಾನು ಹೇಳೋ ಹಾಗಿಲ್ಲಮ್ಮಾ" ಅಂದರು.

ಅವರದ್ದು ಸೊಕ್ಕಲ್ಲ. ಸರ್ಟಿಫಿಕೇಟ್ ಕೊಡುವವರೇ ಸಲಹೆಯನ್ನೂ ಕೊಡಬಾರದು ಅನ್ನುವುದು ಅಂತರರಾಷ್ಟ್ರೀಯ ನಿಯಮ. ತಾನೇ ಹೇಳಿಕೊಟ್ಟದ್ದನ್ನು ತಾನೇ ತಪಾಸಣೆ ಮಾಡಿದರೆ ಅದು ತಪಾಸಣೆ ಆಗುವುದಿಲ್ಲವಲ್ಲ. ನಿಯಮ ಸರಿಯಾಗಿಯೇ ಇದೆ. ಆದರೆ ಹೇಳಿಕೊಡಲು ಇನ್ನೊಬ್ಬರು ಬೇಕಲ್ವಾ? ಆ ಇನ್ನೊಬ್ಬರಿಗೆ ದುಡ್ಡು ಕೊಡುವ ಶಕ್ತಿ ಆ ಮನೆಗೆ ಎಲ್ಲಿಂದ ಬರಬೇಕು? ಸಹಾಯಧನ ಮೊದಲು ಹೋಗಬೇಕಾದದ್ದು ಇಂಥ ಜಾಗಕ್ಕೆ. ಫೀಸಿನ ಮಾತು ಆಮೇಲೆ.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ನೀವು ಹೇಳಿದ ಘಟನೆ 2011ರದ್ದು. ಅಮೆರಿಕದ ಕೊಲೊರಾಡೊದ ಒಂದು ತೋಟದ ಕರಬೂಜದಿಂದ ಲಿಸ್ಟೀರಿಯಾ ಎಂಬ ರೋಗಾಣು ಹರಡಿ 33 ಜನ ಸತ್ತರು. ಅದಕ್ಕೆ ಕೆಲವೇ ವಾರ ಮೊದಲು ನಡೆದ ಆಡಿಟ್ ಆ ತೋಟಕ್ಕೆ 100ಕ್ಕೆ 96 ಅಂಕ ಕೊಟ್ಟಿತ್ತು. ಇಷ್ಟು ನೀವೂ ಓದಿದ್ದೀರಿ. ಮುಂದಿನದ್ದನ್ನೂ ಓದಬೇಕಿತ್ತು. ಸರ್ಕಾರದವರು ಹೋಗಿ ನೋಡಿದಾಗ ಶೆಡ್ಡಿನ ನೆಲದಲ್ಲಿ ನೀರು ನಿಂತಿತ್ತು. ಹಣ್ಣು ತೊಳೆಯಲು ಇಟ್ಟಿದ್ದು ಹಿಂದೆ ಆಲೂಗಡ್ಡೆಗೆ ಬಳಸುತ್ತಿದ್ದ ಯಂತ್ರ, ಅದನ್ನು ಸರಿಯಾಗಿ ಸ್ವಚ್ಛ ಮಾಡಲು ಆಗುತ್ತಲೇ ಇರಲಿಲ್ಲ. ತೊಳೆಯುವ ನೀರಿಗೆ ಕ್ಲೋರಿನ್ ಹಾಕಿರಲಿಲ್ಲ. ಹಣ್ಣನ್ನು ಕೋಲ್ಡ್ ಸ್ಟೋರೇಜಿಗೆ ಇಡುವ ಮೊದಲು ತಣಿಸುವ ಏರ್ಪಾಡೂ ಇರಲಿಲ್ಲ.

ಇದರಿಂದ ನೀವು "ಆಡಿಟ್‌ಗೆ ದುಡ್ಡು ದಂಡ" ಎಂಬ ತೀರ್ಮಾನಕ್ಕೆ ಬಂದಿರಿ. ನನಗೆ ಕಾಣುವುದೇ ಬೇರೆ. ಕಾಗದಕ್ಕೆ ದುಡ್ಡು ಹೋಯಿತು, ನೆಲಕ್ಕೂ ನೀರಿಗೂ ಹೋಗಲಿಲ್ಲ. ಅಂಕ ಕೊಡುವವರಿಗೆ ಫೀಸು ಕೊಡುವವನು ಅಂಕ ಪಡೆಯುವವನೇ ಆಗಿದ್ದ. ಸಾರ್ವಜನಿಕ ದುಡ್ಡು ಒಳಗೆ ಬಂದರೆ, ಆಡಿಟರನ್ನು ಪ್ರಶ್ನೆ ಕೇಳುವ ಹಕ್ಕು ನಿಮಗೂ ನನಗೂ ಬರುತ್ತದೆ.

ಅದೇ 2011ರಲ್ಲಿ ಜರ್ಮನಿಯಲ್ಲಿ ಈ. ಕೋಲೈ ಎಂಬ ರೋಗಾಣು ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ಮೊದಲು ಸ್ಪೇನಿನ ಸೌತೆಕಾಯಿ ಕಾರಣ ಅಂದರು. ಅದು ಸುಳ್ಳೆಂದು ಗೊತ್ತಾಗುವ ಹೊತ್ತಿಗೆ ಅಲ್ಲಿನ ಬೆಳೆಗಾರರು ಟನ್ನುಗಟ್ಟಲೆ ತರಕಾರಿ ನೆಲಕ್ಕೆ ಸುರಿದಾಗಿತ್ತು. ಆಮೇಲೆ ಸಂಶಯ ಹೋಗಿ ನಿಂತದ್ದು ಮೊಳಕೆ ಮೆಂತ್ಯದ ಮೇಲೆ. ಯುರೋಪಿನ ಒಕ್ಕೂಟ ತರಕಾರಿ ಬೆಳೆಗಾರರ ಪರಿಹಾರಕ್ಕೆ 20 ಕೋಟಿ ಯೂರೋಗಿಂತ ಜಾಸ್ತಿ ತೆಗೆದಿಡಬೇಕಾಯಿತು. ಅದು ಯಾರ ದುಡ್ಡು? ನಿಮ್ಮಂಥವರು ಕಟ್ಟಿದ ತೆರಿಗೆಯೇ. ಕೆಟ್ಟ ಆಹಾರದಿಂದ ಪ್ರಪಂಚದಲ್ಲಿ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4,20,000 ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜು ಕೊಟ್ಟಿತು. ಮೊದಲೇ ನಲ್ಲಿಗೆ ಕೊಡದ ದುಡ್ಡನ್ನು ನಾವು ಆಮೇಲೆ ಆಸ್ಪತ್ರೆಗೂ ಪರಿಹಾರಕ್ಕೂ ಕೊಡುತ್ತೇವೆ.

ಸಹಾಯಧನ ಕೊಟ್ಟವರೂ ಇದ್ದಾರೆ. ಅಮೆರಿಕದ ಕೃಷಿ ಇಲಾಖೆ 2022ರಲ್ಲಿ ಹಣ್ಣು ತರಕಾರಿ ಬೆಳೆಯುವ ಸಣ್ಣ, ಮಧ್ಯಮ ತೋಟಗಳಿಗೆಂದು 20 ಕೋಟಿ ಡಾಲರ್‌ವರೆಗೆ ಎತ್ತಿಟ್ಟಿತು. ಅದರಲ್ಲಿ ಆಡಿಟ್ ಫೀಸು ಮಾತ್ರ ಅಲ್ಲ, ಸುರಕ್ಷತೆಯ ಯೋಜನೆ ಬರೆಸುವುದು, ನೀರು ಗೊಬ್ಬರದ ಪರೀಕ್ಷೆ, ತರಬೇತಿ ಎಲ್ಲದರಲ್ಲೂ ಪಾಲು ಸಿಗುತ್ತಿತ್ತು. ಇದು ನನಗೆ ಬಹಳ ಹಿಡಿಸಿತು. ಹಿಡಿಸದ್ದು ಒಂದೇ. ಮೊದಲು ಖರ್ಚು, ಆಮೇಲೆ ಅರ್ಜಿ. ಬಿತ್ತನೆ ಹೊತ್ತಿಗೆ ಸಾಲ ಮಾಡುವ ಮನೆ ಇನ್ನೊಂದು ಸಾಲ ಮಾಡಿ ಆಡಿಟ್ ಮಾಡಿಸಿ, ರಸೀದಿ ಹಿಡಿದು ಕಾಯಬೇಕು. ಕೈಯಲ್ಲಿ ದುಡ್ಡಿದ್ದವನಿಗೆ ಇದು ಅನುಕೂಲ. ಇಲ್ಲದವನು ಅರ್ಜಿಯ ತನಕ ಬರುವುದೇ ಇಲ್ಲ.

ಕೀನ್ಯಾದ ಬೀನ್ಸ್ ಬೆಳೆಗಾರರದ್ದು ಇನ್ನೊಂದು ಪಾಠ. ಯುರೋಪಿನ ಅಂಗಡಿಗಳು ಸರ್ಟಿಫಿಕೇಟ್ ಕೇಳಲು ಶುರು ಮಾಡಿದಾಗ ಸಹಾಯ ಸಂಸ್ಥೆಗಳು ಮುಂದೆ ಬಂದು ಸಣ್ಣವರ ಗುಂಪು ಕಟ್ಟಿಸಿದವು. ಗುಂಪು ಒಳ್ಳೆಯ ಉಪಾಯ. ಎಲ್ಲ ಸದಸ್ಯರ ತೋಟವನ್ನೂ ಗುಂಪಿನವರೇ ನೋಡುತ್ತಾರೆ, ಹೊರಗಿನ ಆಡಿಟರ್ ವರ್ಗಮೂಲದ ಲೆಕ್ಕದಲ್ಲಿ ಕೆಲವನ್ನು ಮಾತ್ರ ನೋಡುತ್ತಾರೆ. 100 ಜನರಿದ್ದರೆ 10 ತೋಟ, 400 ಜನರಿದ್ದರೆ 20. ಖರ್ಚು ಹಂಚಿಹೋಗುತ್ತದೆ. ಆದರೆ ಗುಂಪಿನ ಲೆಕ್ಕಪತ್ರ ನೋಡಿಕೊಳ್ಳಲು ಒಬ್ಬರು ವರ್ಷವಿಡೀ ಬೇಕು. ಸಹಾಯದ ದುಡ್ಡು ನಿಂತಿತು, ಎಷ್ಟೋ ಗುಂಪುಗಳು ಸರ್ಟಿಫಿಕೇಟ್ ಮುಂದುವರಿಸಲಿಲ್ಲ. ಒಂದು ವರ್ಷ ಕೈ ಹಿಡಿದು ನಡೆಸಿ, ಎರಡನೇ ವರ್ಷ ಕೈ ಬಿಟ್ಟರೆ ಅದು ಸಹಾಯ ಅನ್ನಿಸುತ್ತದೆಯೇ?

ಇಷ್ಟು ಹೇಳಿದ ಮೇಲೆ ನನ್ನ ಹಳೇ ಸಂಕಟವನ್ನೂ ಹೇಳಿಬಿಡುತ್ತೇನೆ. ಈ ನಿಯಮಗಳನ್ನೆಲ್ಲ ಯಾವುದೋ ಶಾಸನಸಭೆ ಮಾಡಿದ್ದು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಇವತ್ತು ಪ್ರಪಂಚದ ಉದ್ದಗಲಕ್ಕೂ ಕೇಳುವ ಗ್ಲೋಬಲ್ ಗ್ಯಾಪ್ ಅನ್ನುವ ತೋಟದ ನಿಯಮಗಳ ಪಟ್ಟಿ 1997ರಲ್ಲಿ ಯುರೋಪಿನ ದೊಡ್ಡ ಅಂಗಡಿಯವರು ಸೇರಿ ಯುರೆಪ್ ಗ್ಯಾಪ್ ಹೆಸರಲ್ಲಿ ಶುರು ಮಾಡಿದ್ದು. 2007ರಲ್ಲಿ ಹೆಸರು ಬದಲಾಯಿತು. ಕಾನೂನು ಪ್ರಕಾರ ಅದು ಕಡ್ಡಾಯ ಅಲ್ಲ. ಆದರೆ ಅದಿಲ್ಲದೆ ಎಷ್ಟೋ ದೊಡ್ಡ ಅಂಗಡಿಗಳಿಗೆ ಮಾಲು ಹೋಗುವುದಿಲ್ಲ. 2005ರಲ್ಲಿ ಸೇಂಟ್ ವಿನ್ಸೆಂಟ್ ಎಂಬ ಪುಟ್ಟ ದ್ವೀಪ ದೇಶ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿಯ ಮುಂದೆ ಎದ್ದು ನಿಂತು, ನಮ್ಮ ಬಾಳೆ ಬೆಳೆಗಾರರಿಗೆ ಇದರಿಂದ ಕಷ್ಟ ಆಗುತ್ತಿದೆ ಎಂದಿತು. ಖಾಸಗಿ ನಿಯಮಕ್ಕೆ ಸರ್ಕಾರ ಎಷ್ಟು ಹೊಣೆ ಅನ್ನುವ ಚರ್ಚೆ ಆ ಸಮಿತಿಯಲ್ಲಿ ವರ್ಷಗಟ್ಟಲೆ ನಡೆಯಿತು. ಇನ್ನೊಂದು ಕಡೆ 2000ದಲ್ಲಿ ದೊಡ್ಡ ಕಂಪನಿಗಳು ಸೇರಿ, ಒಂದು ಸಲ ಸರ್ಟಿಫಿಕೇಟ್ ಆದರೆ ಎಲ್ಲ ಕಡೆ ನಡೆಯಬೇಕು ಎಂದು ಒಂದು ವೇದಿಕೆ ಮಾಡಿಕೊಂಡವು. ಆದರೂ ಒಬ್ಬ ಖರೀದಿದಾರನ ಪಟ್ಟಿ ಇನ್ನೊಬ್ಬನಿಗೆ ಸಾಲದು. ಒಂದೇ ತೋಟ, ಒಂದೇ ನೀರು, ಎರಡು ಮೂರು ಆಡಿಟ್. ಕೇಳುವವನು ಮೇಲೆ ಕೂತಿದ್ದಾನೆ. ಖರ್ಚು ಇಳಿದು ಇಳಿದು ಕೊನೆಗೆ ಬಂದು ನಿಲ್ಲುವುದು ಮಣ್ಣಿನ ಕೈಯವನ ಹತ್ತಿರ. ನೀವು ಸಿಟ್ಟು ಮಾಡಬೇಕಾದದ್ದು ಆ ಮೇಲಿನವನ ಮೇಲೆ. ಸಹಾಯಧನದಲ್ಲಿ ಅವನ ಪಾಲು ಎಷ್ಟು ಎಂದು ನೀವು ಪತ್ರ ಬರೆದಿದ್ದರೆ ಅದನ್ನು ಮುಖಪುಟದಲ್ಲೇ ಹಾಕುತ್ತಿದ್ದೆ. ಈಗಲೂ ಬರೆಯಿರಿ.

ಆ ಗಂಡ ಹೆಂಡತಿ ಆಮೇಲೆ ಏನು ಮಾಡಿದರು ಎಂದು ಕೇಳುತ್ತೀರೇನೋ. ಬಲ್ಬಿಗೆ ಪ್ಲಾಸ್ಟಿಕ್ ಕವರ್ ಹಾಕಿಸಿದರು. ಸಣ್ಣದೊಂದು ಟ್ಯಾಂಕ್ ಇಟ್ಟು ನಲ್ಲಿ ಕೂರಿಸಿದರು. ನಲ್ಲಿಯ ಪಕ್ಕ ಒಂದು ಮೊಳೆ ಹೊಡೆದು, ಹಳೇ ಸಾಕ್ಸಿನಲ್ಲಿ ಸೋಪು ಹಾಕಿ ನೇತುಹಾಕಿದರು. ಆ ವರ್ಷ ಪಾಸಾದರು. ಮರುವರ್ಷ ಫೀಸು ಹೊಂದಲಿಲ್ಲ, ಸರ್ಟಿಫಿಕೇಟ್ ಬಿಟ್ಟುಹೋಯಿತು, ಆ ಖರೀದಿದಾರನೂ ಬಿಟ್ಟುಹೋದ. ಮತ್ತೆ ನಾನು ಹೋದಾಗ ಕೊಯ್ಲು ನಡೆದಿತ್ತು. ಕೆಲಸದವರು ಒಬ್ಬೊಬ್ಬರೇ ಬಂದು ಆ ನಲ್ಲಿಯಲ್ಲಿ ಕೈ ತೊಳೆದು, ಕೊಡವಿಕೊಂಡು ಕ್ರೇಟಿನ ಕಡೆ ಹೋಗುತ್ತಿದ್ದರು. ಮನೆಯಾಕೆ ನೋಟ್‌ಬುಕ್ಕಿನಲ್ಲಿ ಆವತ್ತಿನ ತಾರೀಕು ಬರೆಯುತ್ತಿದ್ದರು.