ತುಳಸಿ ರಸದ ಬೆಳ್ಳಿಯನ್ನು ಸಿಂಕಿಗೆ ಸುರಿಯಬಹುದೇ?

ಪ್ರಶ್ನೆ: ಮಗಳು ಎಂ.ಎಸ್ಸಿ. ಪ್ರಾಜೆಕ್ಟಿಗೆ ತುಳಸಿ ಎಲೆಯ ರಸ ಬಳಸಿ ಬೆಳ್ಳಿಯ ನ್ಯಾನೊ ಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ತಯಾರಿಸುತ್ತಿದ್ದಾಳೆ. ಉಳಿದದ್ದನ್ನು ಲ್ಯಾಬಿನಲ್ಲಿ ಎಲ್ಲರೂ ಸಿಂಕಿಗೇ ಸುರಿಯುತ್ತಾರಂತೆ. ‘ಇದು ಗ್ರೀನ್ ವಿಧಾನ, ಏನೂ ಆಗಲ್ಲ ಅಮ್ಮಾ’ ಅನ್ನುತ್ತಾಳೆ. ಹೌದೇ?
– ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ತುಳಸಿ ಗ್ರೀನ್, ಒಪ್ಪಿದೆ. ಬೆಳ್ಳಿ ಅಲ್ಲ ತಾಯಿ. ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದ ದ್ರಾವಣಕ್ಕೆ ಎಲೆಯ ರಸ ಬಿದ್ದರೆ ಬಣ್ಣ ಕಂದಾಗುತ್ತದೆ. ಕಣ ಹುಟ್ಟಿತು ಎಂದು ಮಕ್ಕಳಿಗೆ ಖುಷಿ. ಎಲೆಯ ರಸದಿಂದಾಗಿ ಕಣ ಮಾಡಲು ಇನ್ನೊಂದು ಕೆಮಿಕಲ್ ಹಾಕುವುದು ತಪ್ಪಿತು, ಅಷ್ಟೇ. ಬೆಳ್ಳಿಯೆಲ್ಲ ಅದೇ ಬೀಕರಿನಲ್ಲಿದೆ. ಕಣವಾಗದೆ ಉಳಿದ ಸಿಲ್ವರ್ ನೈಟ್ರೇಟೂ ಇರುತ್ತದೆ.

ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅಂತಲೇ ಅಲ್ವಾ ಈ ಬೆಳ್ಳಿಗೆ ಇಷ್ಟು ಬೇಡಿಕೆ? ಒಳಚರಂಡಿ ನೀರನ್ನು ಶುದ್ಧ ಮಾಡುವ ಕೆಲಸಗಾರರೂ ಬ್ಯಾಕ್ಟೀರಿಯಾಗಳೇ. ನಾನು ಭೋಸರಿಯ ಪ್ಲೇಟಿಂಗ್ (ಲೋಹದ ಲೇಪ ಹಾಕುವ) ಕಾರ್ಖಾನೆಯೊಂದರಲ್ಲಿ ಇ.ಟಿ.ಪಿ., ಅಂದರೆ ತ್ಯಾಜ್ಯ ನೀರು ಶುದ್ಧ ಮಾಡುವ ಘಟಕ, ನೋಡಿಕೊಳ್ಳುತ್ತಿದ್ದೆ. ಲೋಹದ ನೀರನ್ನು ಈ ಬ್ಯಾಕ್ಟೀರಿಯಾಗಳಿರುವ ಜೈವಿಕ ಟ್ಯಾಂಕಿನ ಹತ್ತಿರವೂ ಬಿಡುತ್ತಿರಲಿಲ್ಲ.

ಹಾಗಂತ ಸುಮ್ನೆ ಹೆದರಿಸುವುದಿಲ್ಲ. ಚರಂಡಿಯ ಗಂಧಕದ ಜೊತೆ ಸೇರಿ ಹೆಚ್ಚಿನ ಬೆಳ್ಳಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಅದರ ವಿಷ ಬಹಳ ಕಡಿಮೆ. ಆದರೆ ಅದು ಕೆಸರಿನಲ್ಲಿ ಕೂರುತ್ತದೆ, ಆ ಕೆಸರನ್ನು ಗೊಬ್ಬರವೆಂದು ಹೊಲಕ್ಕೆ ಹಾಕುವುದುಂಟು. ಶುದ್ಧೀಕರಣವಾಗದ ನೀರು ನೇರ ಮುಳಾ-ಮುಠಾ ನದಿಗೆ ಸೇರಿದರೆ ಮೀನಿನ ಕಿವಿರಿಗೆ ಬೆಳ್ಳಿಯ ಅಯಾನು (ನೀರಿನಲ್ಲಿ ಕರಗಿದ ಬೆಳ್ಳಿ) ಕೆಟ್ಟದ್ದು.

ಮಗಳಿಗೆ ಹೇಳಿ: ಬೆಳ್ಳಿಯ ನೀರಿಗೆ ಬೇರೆಯದೇ ಮುಚ್ಚಳದ ಕ್ಯಾನ್ ಇಡಲಿ. ಬೀಕರ್ ತೊಳೆದ ಮೊದಲ ನೀರೂ ಅದಕ್ಕೇ. ಮೇಲೆ ‘ಬೆಳ್ಳಿ ನ್ಯಾನೊ ತ್ಯಾಜ್ಯ’ ಎಂದು ತಾರೀಖು ಸಹಿತ ಬರೆಯಲಿ. ಒರೆಸಿದ ಟಿಶ್ಯೂ, ಗ್ಲೌಸ್ ಬೇರೆ ಚೀಲಕ್ಕೆ. ಆ ಕ್ಯಾನಿಗೆ ಅಮೋನಿಯಾ ಮಾತ್ರ ಸೇರಬಾರದು. ಬೆಳ್ಳಿ ಮತ್ತು ಅಮೋನಿಯಾ ಇರುವ ದ್ರಾವಣವನ್ನು ಹಾಗೇ ಬಿಟ್ಟರೆ ಸ್ಫೋಟಕ ವಸ್ತು ಹುಟ್ಟಬಹುದು, ಇದು ತಮಾಷೆಯಲ್ಲ. ಕಣವನ್ನು ಒಣಗಿಸಿ ಪುಡಿ ಮಾಡುತ್ತಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಚೆಲ್ಲಿದ ಪುಡಿಯನ್ನು ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಾರಿ ಶ್ವಾಸಕೋಶಕ್ಕೆ ಹೋಗುವುದು ಆ ಪುಡಿಯೇ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ನ್ಯಾನೊಗೆ ಪ್ರತ್ಯೇಕ ವಿಭಾಗವಿಲ್ಲ, ಅದೇ ಲ್ಯಾಬಿನವರ ನೆಪ. ಅದಕ್ಕೇ ಬೆಳ್ಳಿ ಇರುವ ಕೆಮಿಕಲ್ ತ್ಯಾಜ್ಯ ಎಂದೇ ಲೆಕ್ಕ ಹಾಕಿ ಕೊಡಬೇಕು. ಪುಣೆಗೆ ಹತ್ತಿರದ ರಾಂಜಣಗಾಂವ್‌ನಲ್ಲೇ ಇಂಥ ತ್ಯಾಜ್ಯದ ಘಟಕವಿದೆ. ಅಲ್ಲಿಗೆ ಕಳಿಸುವುದು ಕಾಲೇಜಿನ ಕೆಲಸ. ನಿಮ್ಮ ಮಗಳು ಕ್ಯಾನನ್ನು ಮನೆಗೆ ತರುವುದು ಬೇಡ.