ಗಾಳಿಯಲ್ಲಿ ಇಷ್ಟೊಂದು ಸಿಗ್ನಲ್ ಇದ್ದರೂ ಒಂದಕ್ಕೊಂದು ಕಲಸಿಹೋಗುವುದಿಲ್ಲ, ಯಾಕೆ?

ಒಂದೇ ಕೋಣೆಯಲ್ಲಿ ಮೊಬೈಲ್, ವೈಫೈ, ಬ್ಲೂಟೂತ್, ಎಫ್‌ಎಂ ಎಲ್ಲಾ ಒಟ್ಟಿಗೆ ನಡೆಯುತ್ತವೆ, ಆದರೂ ಒಂದರ ಮಾತು ಇನ್ನೊಂದಕ್ಕೆ ಹೋಗುವುದಿಲ್ಲ, ಹೇಗೆ ಅಂತ ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಅವು ಕಲಸಿಯೇ ಬರುತ್ತವೆ. ಆಂಟೆನಾಗೆ ಎಲ್ಲ ಅಲೆಗಳೂ ಒಟ್ಟಿಗೇ ಬಂದು ತಾಗುತ್ತವೆ. ಬೇಕಾದದ್ದನ್ನು ಆರಿಸಿಕೊಳ್ಳುವ ಕೆಲಸ ನಡೆಯುವುದು ಪೆಟ್ಟಿಗೆಯ ಒಳಗೆ.

ನನಗೆ ಇದು ಮನದಟ್ಟಾಗಿದ್ದು ಒಂದು ಹಳೆಯ ರೇಡಿಯೊ ಬಿಚ್ಚಿದಾಗ. ಸ್ಟೇಷನ್ ಹಿಡಿಯುವ ಗುಂಡಿಯ ಹಿಂದೆ ಗ್ಯಾಂಗ್ ಕಂಡೆನ್ಸರ್ ಇತ್ತು. ತೆಳ್ಳಗಿನ ಲೋಹದ ರೆಕ್ಕೆಗಳ ಎರಡು ಸಾಲು. ಗುಂಡಿ ತಿರುಗಿಸಿದರೆ ಒಂದು ಸಾಲಿನ ರೆಕ್ಕೆಗಳು ಇನ್ನೊಂದರ ಸಂದಿಯಲ್ಲಿ, ಎಲ್ಲೂ ಮುಟ್ಟದೆ, ಮೆಲ್ಲಗೆ ಒಳಸೇರುತ್ತವೆ. ಪಕ್ಕದಲ್ಲಿ ತಾಮ್ರದ ತಂತಿ ಸುತ್ತಿದ ಕಾಯಿಲ್. ಸ್ಟೇಷನ್ ಆರಿಸುವುದು ಈ ಜೋಡಿಯೇ.

ಉಯ್ಯಾಲೆ ನೆನಪಿಸಿಕೊಳ್ಳಿ. ಅದಕ್ಕೆ ತನ್ನದೇ ಒಂದು ಲಯ ಇರುತ್ತದೆ. ಆ ಲಯಕ್ಕೆ ಸರಿಯಾಗಿ ಬೆರಳಲ್ಲಿ ತಳ್ಳಿದರೂ ಸಾಕು, ಜೀಕು ಏರುತ್ತಾ ಹೋಗುತ್ತದೆ. ಲಯ ತಪ್ಪಿ ತಳ್ಳಿದರೆ ಎಷ್ಟೇ ಶಕ್ತಿ ಹಾಕಿದರೂ ಅದು ಮೇಲೇರುವುದಿಲ್ಲ, ಅಲ್ವಾ? ಕಾಯಿಲ್ ಮತ್ತು ಕಂಡೆನ್ಸರ್ ನಡುವೆ ವಿದ್ಯುತ್ತು ಹಾಗೆಯೇ ಅತ್ತಿಂದಿತ್ತ ಜೀಕುತ್ತದೆ. ಆ ಲಯಕ್ಕೆ ಹೊಂದುವ ಅಲೆ ಬಂದರೆ ಜೀಕು ಬಲವಾಗುತ್ತದೆ, ಉಳಿದವು ಬಂದಂತೆಯೇ ಅಡಗಿಹೋಗುತ್ತವೆ. ರೆಕ್ಕೆಗಳು ಪೂರ್ತಿ ಒಳಗಿದ್ದರೆ ಲಯ ನಿಧಾನ, ಹೊರಬಂದಷ್ಟೂ ಚುರುಕು. ಇಂದಿನ ಫೋನಿನಲ್ಲಿ ಈ ರೆಕ್ಕೆಗಳಿಲ್ಲ, ಚಿಪ್ ಇದೆ. ಆರಿಸುವ ಕೆಲಸ ಮಾತ್ರ ತಪ್ಪಿಲ್ಲ.

ಆ ಲಯವನ್ನೇ ಫ್ರೀಕ್ವೆನ್ಸಿ ಅನ್ನುವುದು. ಎಫ್‌ಎಂನ 100 ಮೆಗಾಹರ್ಟ್ಸ್ ಅಂದರೆ ಸೆಕೆಂಡಿಗೆ 10 ಕೋಟಿ ಸಲ. ಈ ಲಯಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಅದೇ ಸ್ಪೆಕ್ಟ್ರಮ್. ರೇಡಿಯೊದ ಶುರುವಿನ ದಿನಗಳಲ್ಲಿ ವಿದ್ಯುತ್ ಕಿಡಿ ಹಾರಿಸಿ ಅಲೆ ಎಬ್ಬಿಸುತ್ತಿದ್ದರು. ಅದು ಸಾಲಿನುದ್ದಕ್ಕೂ ಚೆಲ್ಲಿಕೊಳ್ಳುತ್ತಿತ್ತು, ಹತ್ತಿರದಲ್ಲಿ ಇಬ್ಬರು ಒಟ್ಟಿಗೆ ಕಳಿಸಿದರೆ ಇಬ್ಬರದ್ದೂ ಕೆಡುತ್ತಿತ್ತು. ರೇಡಿಯೊ ಸಂಪರ್ಕವನ್ನು ಬೆಳೆಸಿದ ಮಾರ್ಕೋನಿ 1900ರಲ್ಲಿ ಟ್ಯೂನಿಂಗ್‌ಗೆ, ಅಂದರೆ ಹೀಗೆ ಲಯ ಹೊಂದಿಸಿ ಆರಿಸುವ ವಿಧಾನಕ್ಕೆ, ತೆಗೆದುಕೊಂಡ ಬ್ರಿಟಿಷ್ ಪೇಟೆಂಟ್ 7777 ಇಷ್ಟು ಹೆಸರಾಗಿದ್ದು ಸುಮ್ನೆ ಅಲ್ಲ.

ಇನ್ನು ಹೆಚ್ಚಿನವರು ಗಮನಿಸದ ವಿಷಯ ಅಗಲದ್ದು. ಒಂದೇ ಲಯದಲ್ಲಿ, ಏರಿಳಿತವೇ ಇಲ್ಲದೆ ಸಾಗುವ ಅಲೆ ಯಾವ ಸುದ್ದಿಯನ್ನೂ ಹೊರುವುದಿಲ್ಲ. ಮಾತು ಹೊರಿಸಬೇಕಾದರೆ ಅದನ್ನು ಅಲುಗಾಡಿಸಬೇಕು. ಅಲುಗಾಡಿಸಿದ ಕೂಡಲೇ ಅದು ಅಕ್ಕಪಕ್ಕಕ್ಕೆ ಹರಡಿ ಜಾಗ ಹಿಡಿಯುತ್ತದೆ. ಹೊರೆ ಹೆಚ್ಚಿದಷ್ಟೂ ಜಾಗ ಜಾಸ್ತಿ ಬೇಕು. ಎಫ್‌ಎಂ ಸ್ಟೇಷನ್‌ಗೆ ಸುಮಾರು 200 ಕಿಲೋಹರ್ಟ್ಸ್ ಸಾಕು. ವೈಫೈನ ಒಂದು ಸಾಮಾನ್ಯ ಚಾನೆಲ್‌ಗೆ 20 ಮೆಗಾಹರ್ಟ್ಸ್, ಅಂದರೆ ಅಂಥ 100 ಸ್ಟೇಷನ್‌ಗಳ ಜಾಗ. ಎಎಂ ರೇಡಿಯೊ ಸ್ಟೇಷನ್‌ಗಳು ಕೂರುವ ಇಡೀ ಮೀಡಿಯಂ ವೇವ್ ಬ್ಯಾಂಡಿನ (ಸ್ಪೆಕ್ಟ್ರಮ್‌ನ ಒಂದು ತುಂಡಿನ) ಅಗಲವೇ ಹೆಚ್ಚುಕಡಿಮೆ 1 ಮೆಗಾಹರ್ಟ್ಸ್! ಅಲ್ಲಿ ವೈಫೈ ಕೂರಿಸಲು ಸಾಧ್ಯವೇ ಇಲ್ಲ.

ಹಾಗಾದರೆ ಎಲ್ಲವನ್ನೂ ಜಾಗ ಧಾರಾಳವಾಗಿರುವ ಮೇಲಿನ ಫ್ರೀಕ್ವೆನ್ಸಿಗೆ ಹಾಕಿಬಿಡಬಹುದಲ್ಲ ಅಂದರೆ, ಅದೂ ಆಗುವುದಿಲ್ಲ. ಮೀಡಿಯಂ ವೇವ್‌ನ ಒಂದು ಅಲೆಯ ಉದ್ದ ಸುಮಾರು 300 ಮೀಟರ್. ಅದು ಗುಡ್ಡ ಬಳಸಿಕೊಂಡೂ ಹೋಗುತ್ತದೆ, ರಾತ್ರಿ ಹೊತ್ತು ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ ತಿರುಗಿ ದೂರದೂರಿಗೂ ಇಳಿಯುತ್ತದೆ. 5 ಗಿಗಾಹರ್ಟ್ಸ್ ವೈಫೈ ಅಲೆ ಬರೀ 6 ಸೆಂಟಿಮೀಟರ್, ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಆದರೆ ಈ ಸೊರಗುವಿಕೆಯೇ ಉಪಕಾರ. ನಿಮ್ಮ ವೈಫೈ ಬಳಸುವ ಫ್ರೀಕ್ವೆನ್ಸಿಯನ್ನೇ ನಾಲ್ಕು ಮನೆ ಆಚೆಯವರೂ ಬಳಸಬಹುದು. ಮೊಬೈಲ್ ಟವರ್‌ಗಳ ಲೆಕ್ಕಾಚಾರ ನಿಂತಿರುವುದೂ ಇದರ ಮೇಲೆಯೇ.

ನೀವು ಹೇಳಿದ ಬ್ಲೂಟೂತ್ ಇರುವುದು ವೈಫೈ ಇರುವ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲೇ. ಅಲ್ಲಿ ಬರೀ ಲಯ ನೋಡಿ ಬಿಡಿಸಿದರೆ ಸಾಲದು. ಅದಕ್ಕೇ ಹಾಡು ಕೇಳಿಸುವ ಮಾಮೂಲಿ ಬ್ಲೂಟೂತ್ 79 ಸಣ್ಣ ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲದವರೆಗೆ ಜಿಗಿಯುತ್ತದೆ. ವೈಫೈ ಮಾತಾಡುವ ಮೊದಲು ಬೇರೆ ಯಾರಾದರೂ ಮಾತಾಡುತ್ತಿದ್ದಾರಾ ಅಂತ ಕಿವಿಗೊಡುತ್ತದೆ. ಮೈಕ್ರೋವೇವ್ ಓವನ್ ಕೂಡ ಇದೇ ಬ್ಯಾಂಡಿನದ್ದು, ಅದಕ್ಕೆ ಈ ಶಿಸ್ತು ಇಲ್ಲ. ಓವನ್ ಓಡುವಾಗ ಅದರ ಪಕ್ಕದಲ್ಲಿ 2.4 ವೈಫೈನಲ್ಲಿ ವಿಡಿಯೊ ಹಾಕಿ ನೋಡಿ, ತಡವರಿಸುವ ಸಾಧ್ಯತೆ ಹೆಚ್ಚು. ಆಗ 5 ಗಿಗಾಹರ್ಟ್ಸ್‌ಗೆ ಬದಲಿಸಿ, ಓವನ್ನಿನ ಕಾಟ ಇರುವುದಿಲ್ಲ.